ಇಟ್ಟಿಗೆಯ ಅಂಚು

ಒಂದು ಬಲೂನಿಗೆ ಒಂದು ಬೇಲು, ಅಂದರೆ ಒಂದು ಮೂಟೆ, ಒಳ್ಳೆಯ ಹೊಗೆಸೊಪ್ಪು. ಅದನ್ನು ತೊಡೆಸಂದಿಯಿಂದ ಪಾದದವರೆಗೆ ಕೊಂಡೊಯ್ಯುವ ತಂತಿಗೆ ಇನ್ನರ್ಧ ಬೇಲು. ಮೈಸೂರಿನ ಹಾಸಿಗೆ, ಔಷಧಿ, ಕಾಲಿನೊಳಗಿನ ಚಿತ್ರ ತೆಗೆದದ್ದು, ಸರ್ಕಾರಿ ಕಾರ್ಡಿನಲ್ಲಿ ವಜಾ ಆದದ್ದು ಕಳೆದು ಉಳಿದದ್ದಕ್ಕೆ, ಸೊಪ್ಪು ಬೇಯಿಸುವ ಒಲೆಮನೆ ಬ್ಯಾರನ್ನನ್ನು ಒಂದು ಸಲ ತುಂಬಿ ಇಳಿಸಿದಷ್ಟೂ ಸೊಪ್ಪು. ವಿಮಲಮ್ಮನ ತಲೆಯಲ್ಲಿ ರೂಪಾಯಿಯ ಲೆಕ್ಕ ನಿಲ್ಲುತ್ತಿರಲಿಲ್ಲ, ಹೊಗೆಸೊಪ್ಪಿನ ಲೆಕ್ಕ ನಿಲ್ಲುತ್ತಿತ್ತು. ಹುಣಸೂರಿನ ಒಂದು ನರ್ಸಿಂಗ್ ಹೋಮಿನ ಮಹಡಿಯ ಮೇಲೆ, ಕೂತವರ ತಲೆಯ ಎಣ್ಣೆ ಗೋಡೆಗೆ ಅಂಟಿ ಕಪ್ಪಾದ ಜಾಗದಲ್ಲಿ, ತೂತುತೂತಾದ ಕಬ್ಬಿಣದ ಬೆಂಚಿನ ತುದಿಯಲ್ಲಿ ಕೂತು ಅವಳು ಈ ಲೆಕ್ಕವನ್ನು ಬೆಳಗಿನಿಂದ ಎಷ್ಟು ಸಲ ಹಾಕಿದ್ದಳೋ. ಲೆಕ್ಕ ಹಾಕುತ್ತಿರುವಷ್ಟು ಹೊತ್ತು ಇನ್ನೊಂದು ಯೋಚನೆ ಹತ್ತಿರ ಬರುತ್ತಿರಲಿಲ್ಲ. ಡಾಕ್ಟರು ಮೊದಲ ಸಲ ಬಲೂನು ಎಂದಾಗ ಅವಳ ಕಣ್ಣಿಗೆ ಬಂದದ್ದು ಮೊಮ್ಮಗಳು ಚಿನ್ನುವಿನ ಹುಟ್ಟುಹಬ್ಬಕ್ಕೆ ಬಾಗಿಲಿಗೆ ಕಟ್ಟಿದ್ದ ಕೆಂಪು ಬಲೂನು. ಅದು ಗಂಡನ ಕಾಲಿನೊಳಗೆ ಹೇಗೆ ಹೋದೀತು ಎಂದು ಹೆದರಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆಮೇಲೆ ಒಂದನ್ನು ತೋರಿಸಿದರು. ಹೊಲಿಗೆ ದಾರದಷ್ಟು ಸಪೂರ, ತುದಿಯಲ್ಲಿ ಭತ್ತದ ಕಾಳಿನಷ್ಟು ಉಬ್ಬು. ಇಷ್ಟಕ್ಕೆ ಒಂದು ಬೇಲೇ ಎಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೆ ನಾಚಿದ್ದಳು.

ಕಟ್ಟಿಕೊಂಡ ರಕ್ತನಾಳವನ್ನು ಬಿಡಿಸುವ ತನ್ನ ಕೆಲಸವನ್ನು ಬಲೂನು ಮಾಡಿತ್ತು. ಮೈಸೂರಿನಲ್ಲಿ ಪರದೆಯ ಮೇಲೆ ಗಂಡ ಜವರಯ್ಯನ ಕಾಲನ್ನು ತೋರಿಸಿದಾಗ ಅದು ಅವಳಿಗೆ ಬೆಳಕಿಗೆ ಹಿಡಿದ ಸೊಪ್ಪಿನ ಎಲೆಯಂತೆಯೇ ಕಂಡಿತ್ತು: ನಡುವೆ ಒಂದು ದಪ್ಪ ನರ, ಅಕ್ಕಪಕ್ಕ ಕವಲು. ಆದರೆ ಮಂಡಿಯ ಕೆಳಗೆ ನರ ಹುಳ ತಿಂದಂತೆ ಅಲ್ಲಲ್ಲಿ ಕಡಿದು, ಪಾದದ ಹತ್ತಿರ ಏನೂ ಇರಲಿಲ್ಲ, ಬರೀ ಬಿಳಿ. ಬಲೂನು ಹಾಕಿದ ಮೇಲಿನ ಚಿತ್ರದಲ್ಲಿ ಪಾದಕ್ಕೂ ಕವಲು ಇಳಿದಿತ್ತು. ಆದರೂ ಬೆರಳುಗಳು ಕರಿಗಟ್ಟಿದ್ದು ಕರಿಗಟ್ಟಿಯೇ ಇದ್ದವು, ಹಿಮ್ಮಡಿಯೂ ಕಪ್ಪಾಗಿತ್ತು. ಬೆರಳು ಮಾತ್ರ ಆಗಿದ್ದರೆ ಬೆರಳಷ್ಟೇ ತೆಗೆಯಬಹುದು, ಹಿಮ್ಮಡಿ ಸತ್ತ ಪಾದವನ್ನು ಇಟ್ಟುಕೊಂಡು ಪ್ರಯೋಜನವಿಲ್ಲ, ಆಗ ಮಂಡಿಯ ಕೆಳಗೇ ತೆಗೆಯಬೇಕು ಎಂದು ಡಾಕ್ಟರ್ ಯತೀಶ್ ಹೇಳಿದ್ದರು. ಅವರು ಮೈಸೂರಿನವರು, ಹುಣಸೂರಿಗೆ ವಾರಕ್ಕೊಮ್ಮೆ ಬರುತ್ತಿದ್ದರು. ಇವತ್ತು ಹೊಸ ಕ್ಯಾಮೆರಾ ಒಂದನ್ನು ತಂದು ನೋಡಿ, ಎಲ್ಲಿಗೆ ಕತ್ತರಿಸುವುದು ಎಂದು ಹೇಳುವವರಿದ್ದರು.

ಹಿಮ್ಮಡಿ. ಆ ಮಾತು ಬಂದಾಗಲೆಲ್ಲ ಅವಳ ಬಲಗೈ ತಾನಾಗಿಯೇ ಮಡಿಲಲ್ಲಿ ಮುದುಡಿಕೊಳ್ಳುತ್ತಿತ್ತು. ಶ್ರಾವಣದಲ್ಲಿ ಮೊದಲ ಸಲ ಬ್ಯಾರನ್ ತುಂಬಿದ ದಿನ, ಒಲೆ ಬಾಯಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಜವರಯ್ಯನಿಗೆ ಕಾಫಿ ಲೋಟ ಕೊಡುವಾಗ ಅವನ ಪಾದ ಅವಳ ಮುಂಗೈಗೆ ತಾಗಿತ್ತು. ಹೊಳೆಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ಅಷ್ಟು ಬೆಂಕಿಯ ಎದುರು ಕೂತವನ ಪಾದ. 'ಇದೇನ್ ಮಾವ, ಹೆಣದ್ ಕಾಲಾಗದೆ' ಎಂದು ಬಾಯಿ ತಪ್ಪಿ ಅಂದು ನಾಲಿಗೆ ಕಚ್ಚಿಕೊಂಡಿದ್ದಳು. ಅವನು ಅವಳ ತಾಯಿಯ ತಮ್ಮ. ಹಂಪಾಪುರದ ಅವಳ ತವರುಮನೆಗೆ ಹಬ್ಬಕ್ಕೆ ಬಂದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಪಿಲೆ ಹೊಳೆಯ ತನಕ ಹೋಗುತ್ತಿದ್ದವನು, ಆಮೇಲೆ ಗಂಡನಾದ. ಜನರ ಮುಂದೆ ನೀವು, ಇಬ್ಬರೇ ಇದ್ದಾಗ ಹಳೆಯ ನೀನು. ಅವಳು ಒಲೆಯ ಬಾಯಿಂದ ಇಕ್ಕಳದಲ್ಲಿ ಒಂದು ಇಟ್ಟಿಗೆ ಎಳೆದು, ಹಳೆ ಸೀರೆಯ ತುಂಡು ಸುತ್ತಿ, ಮುಂಗೈಯಲ್ಲಿ ಮುಟ್ಟಿ ನೋಡಿ, ಅವನ ಹಿಮ್ಮಡಿಯನ್ನು ಅದರ ಮೇಲೆ ಇಟ್ಟಳು. ಅವಳ ಕೈಯ ಮೇಲೆ ಅವಳಿಗೆ ನಂಬಿಕೆ. ಬ್ಯಾರನ್ನಿನ ಗೋಡೆಗೆ ಕೈ ಇಟ್ಟು, ಸೊಪ್ಪು ಹಳದಿಗೆ ತಿರುಗಿದೆಯೋ, ಇನ್ನು ಕಾವು ಏರಿಸಬಹುದೋ ಎಂದು ಹೇಳುವವಳು ಅವಳು. ಗೋಡೆಯಲ್ಲಿ ಕಾವಿನ ಮೀಟರು ನೇತುಹಾಕಿದ ಮೇಲೂ ಮಗ ಶಶಿಕುಮಾರ್ 'ಅವ್ವ, ಒಂದ್ಸಲ ಕೈ ಇಟ್ಬುಟ್ಟು ಓಗು' ಎಂದು ಕರೆಯುತ್ತಿದ್ದ.

'ಬಿಸಿ ಆಯ್ತಾ ಮಾವ?'

'ಹಿತವಾಗದೆ.'

ಅವಳು ಪಕ್ಕದಲ್ಲಿ ಕೂತಳು. ಸಂಜೆ, ಸೊಪ್ಪು ಕಟ್ಟುವ ಹೆಂಗಸರು ಹೋದ ಮೇಲೆ, ದಿನವೂ ಹಾಗೆಯೇ. ಕೆಲವು ದಿನ ಅವನು ಏನಾದರೂ ಮಾತಾಡುತ್ತಿದ್ದ, ಹರಾಜಿನಲ್ಲಿ ಸೊಪ್ಪಿಗೆ ಯಾವ ಗ್ರೇಡು ಸಿಕ್ಕೀತು ಎಂದು, ತನ್ನ ಅಕ್ಕ, ಅಂದರೆ ಅವಳ ತಾಯಿ, ಮಾಡುತ್ತಿದ್ದ ಅವರೆಕಾಳು ಸಾರಿನ ವಿಷಯ. ಕೆಲವು ದಿನ ಸುಮ್ಮನೆ ಬೀಡಿ ಸೇದುತ್ತ ಕೂರುತ್ತಿದ್ದ. ಮನೆಯೊಳಗೆ ಎಂದೂ ಇಬ್ಬರೂ ಹಾಗೆ ಕೂತದ್ದಿಲ್ಲ. ಒಂದು ದಿನ ಅವಳು ಮುಟ್ಟಿ ನೋಡಿದ ಪಾದ ಮತ್ತೂ ತಣ್ಣಗಿತ್ತು. ಸೀರೆಯ ಒಂದು ಸುತ್ತು ಬಿಚ್ಚಿದಳು. 'ಈಗ?' ಎಂದಳು. 'ಹೂಂ, ಈಗ ಚೆನ್ನಾಗದೆ' ಎಂದ. ಆ ಒಂದು ಸುತ್ತು. ಬೆಂಚಿನ ಮೇಲೆ ಕೂತ ವಿಮಲಮ್ಮನ ಕಣ್ಣ ಮುಂದೆ ಆ ಬಟ್ಟೆ ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಮಾರನೆಯ ಬೆಳಿಗ್ಗೆ ಹಿಮ್ಮಡಿಯಲ್ಲಿ ಬೊಬ್ಬೆ. ಹರಳೆಣ್ಣೆ ಹಚ್ಚಿದಳು. ಅದು ಒಣಗಿ, ಚಕ್ಕಳವಾಗಿ, ಕಪ್ಪಾಯಿತು. ಅಷ್ಟರಲ್ಲಿ ಬೆರಳುಗಳೂ ನೀಲಿ ತಿರುಗಿದ್ದವು, ಎಲ್ಲವೂ ಒಂದೇ ರೋಗದಂತೆ ಕಾಣತೊಡಗಿತು.

ಮೈಸೂರಿನಲ್ಲಿ ಹಿಮ್ಮಡಿಗೆ ಏನಾಯಿತು ಎಂದು ಒಬ್ಬ ಎಳೆಯ ಡಾಕ್ಟರು ಕೇಳಿದ್ದ. ಜವರಯ್ಯ ಅವಳ ಕಡೆ ನೋಡದೆ, ಮಳೆ ಬಂತು ಎನ್ನುವಷ್ಟು ಸಲೀಸಾಗಿ, 'ಚಪ್ಲಿ ಕಚ್ತು ಸಾ, ಹೊಸ ಚಪ್ಲಿ' ಎಂದ. ಡಾಕ್ಟರು ತಲೆಯಾಡಿಸಿ ಮುಂದಕ್ಕೆ ಹೋದ. ಅವಳು ಸುಮ್ಮನಿದ್ದಳು. ಸುಮ್ಮನಿರುವುದು ಎಷ್ಟು ಸುಲಭವಾಗಿತ್ತು. ಊರಿಗೆ ಬಂದ ಮೇಲೆ ಶಶಿಕುಮಾರ್ ಆ ಚಪ್ಪಲಿಗಳನ್ನು ಕವರಿನಲ್ಲಿ ಸುತ್ತಿಕೊಂಡು ಹುಣಸೂರಿನ ಅಂಗಡಿಗೇ ಹೋಗಿ, ಬಾಗಿಲಲ್ಲಿ ನಿಂತು ಜನ ಸೇರುವಂತೆ ಕೂಗಾಡಿದ. ಅಂಗಡಿಯವನು ಪಾಪ ಹೆದರಿ, ಬದಲಿಗೆ ಒಂದು ಜೊತೆ ಮೆತ್ತನೆಯ ಚಪ್ಪಲಿ ಕೊಟ್ಟು, 'ಯಜಮಾನ್ರಿಗೆ ಬೇಗ ವಾಸಿ ಆಗ್ಲಿ' ಎಂದನಂತೆ. ಆ ಜೊತೆ ಬಾಗಿಲ ಹಿಂದೆ ಇತ್ತು. ಗುಡಿಸುವಾಗ ಅವಳು ಪೊರಕೆಯನ್ನು ಅದಕ್ಕೆ ತಾಗದಂತೆ ಆಡಿಸುತ್ತಿದ್ದಳು. ಹೇಳಿಬಿಡಬೇಕು ಎಂದು ಅನ್ನಿಸಿದಾಗಲೆಲ್ಲ, ಹೇಳಿದರೆ ಗಂಡನನ್ನು ಡಾಕ್ಟರ ಮುಂದೆ ಸುಳ್ಳುಗಾರನನ್ನಾಗಿ ಮಾಡಿದಂತೆ ಆಗುವುದಿಲ್ಲವೇ ಎಂಬ ಯೋಚನೆ ಸಹಾಯಕ್ಕೆ ಬರುತ್ತಿತ್ತು. ಸಹಾಯಕ್ಕೆ ಬರುತ್ತಿದೆ ಎಂಬುದೂ ಅವಳಿಗೆ ಗೊತ್ತಿತ್ತು.

'ನಿಮ್ದು ಯಾವೂರಾಯ್ತು?' ಪಕ್ಕದಲ್ಲಿ ಬಂದು ಕೂತ ಹೆಂಗಸು ಕೇಳಿದಳು. ಪಿರಿಯಾಪಟ್ಟಣದ ಕಡೆಯವಳು, ಪುಟ್ಟತಾಯಮ್ಮ. ಅವಳ ಗಂಡ ಸೋಮಯ್ಯ ಎದುರಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ. ಅವನ ಎದೆಗೆ ಸ್ಟೆಂಟು ಹಾಕಿ ವರ್ಷವಾಗಿತ್ತು, ತಪಾಸಣೆಗೆ ಬಂದಿದ್ದರು. 'ಎದೆ ಒಳಕ್ಕೆ ಸ್ಪ್ರಿಂಗ್ ಬುಟ್ಟವ್ರೆ ಕಣವ್ವ. ಅದೇನ್ ಸ್ಪ್ರಿಂಗೋ, ಚೀಲ ಎತ್ತು ಅಂದ್ರೆ ನೋವು ಬತ್ತದೆ, ಇಸ್ಪೀಟ್ ಆಡಕ್ಕೆ ಕೆರೆ ಏರಿ ಹತ್ತುವಾಗ ಬರಾಕಿಲ್ಲ.'

ಪಕ್ಕದ ಗಾಲಿಕುರ್ಚಿಯಲ್ಲಿ ಪಟ್ಟಿ ಕಟ್ಟಿದ ಕಾಲು ಚಾಚಿ ಕೂತಿದ್ದ ಜವರಯ್ಯ ನಕ್ಕ.

'ಇವ್ರು ಏನ್ ಬೆಳೀತಾರೆ?' ಪುಟ್ಟತಾಯಮ್ಮ ಅವನ ಕಡೆ ನೋಡಿ ಕೇಳಿದಳು.

'ಹೊಗೆಸೊಪ್ಪು' ಎಂದಳು ವಿಮಲಮ್ಮ.

'ಅಯ್ಯೋ, ಅದ್ಕೇ ಮತ್ತೆ! ಸೊಪ್ಪೇ ಬಂದು ಕಾಲಿಗೆ ಸುತ್ಕಂಡದೆ.'

'ನಾವ್ ಬೆಳೆಯೋದು ಸಿಗರೇಟಿಗೆ ಕಣವ್ವ' ಎಂದ ಜವರಯ್ಯ. 'ನಾ ಸೇದಿದ್ದು ಬೀಡಿ. ಆ ಕೇಸೇ ಬ್ಯಾರೆ.'

ತೂಕಡಿಸುತ್ತಿದ್ದ ಸೋಮಯ್ಯನೂ ಕಣ್ಣು ತೆರೆದು ನಕ್ಕ. ಎಲ್ಲರೂ ನಗುತ್ತಿದ್ದಾಗ ವಿಮಲಮ್ಮನಿಗೂ ಬಾಯಗಲಿಸಬೇಕಾಯಿತು. ಮಾವ ಎಷ್ಟು ಚೆನ್ನಾಗಿ ಮಾತಾಡುತ್ತಾನೆ, ಎಂದುಕೊಂಡಳು. ಯಾವ ಮಾತು ಎಲ್ಲಿ ಆಡಿದರೆ ಎದುರಿನವರಿಗೆ ಹಗುರವಾಗುತ್ತದೆ ಎಂದು ಇವನಿಗೆ ಮೊದಲಿನಿಂದಲೂ ಗೊತ್ತು. ಮದುವೆಯಾದ ಹೊಸತರಲ್ಲಿ ಅವಳು ಮಾಡಿದ ಮುದ್ದೆ ಗಂಟುಗಂಟಾಗಿದ್ದರೂ 'ನಮ್ಮಕ್ಕನ ಕೈ ಬಂದದೆ' ಎಂದು ಉಂಡು ಎದ್ದಿದ್ದ, ಆಮೇಲೆ ಹಿತ್ತಿಲಲ್ಲಿ ಕಕ್ಕುತ್ತಿದ್ದುದನ್ನು ಅತ್ತೆ ನೋಡಿ ಊರಿಗೆಲ್ಲ ಹೇಳಿ ನಕ್ಕಿದ್ದಳು. ಆ ನಗೆಯ ನಡುವೆ ಪಾತ್ರೆ ಬೆಳಗುತ್ತಿದ್ದ ಹುಡುಗಿಯ ಕಿವಿ ಕಾದದ್ದು ಇವತ್ತೂ ಕಿವಿಯಲ್ಲಿದೆ. ನರ್ಸು ಹೆಸರು ಕೂಗಿದಳು. ಶಶಿಕುಮಾರ್ ಫೋನನ್ನು ಜೇಬಿಗೆ ತುರುಕಿ ಕುರ್ಚಿ ತಳ್ಳಿದ.

ಒಳಗೆ ಪಟ್ಟಿ ಬಿಚ್ಚಿದರು. ವಾಸನೆ ಬಂತು. ಶಶಿಕುಮಾರ್ ಕಿಟಕಿಯ ಕಡೆ ತಿರುಗಿದ. ಡಾಕ್ಟರ್ ಯತೀಶ್ ಮಾತ್ರ ಮೂಗು ಮುರಿಯದೆ, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, ಹಿಮ್ಮಡಿಯ ಮೇಲೆ ಕಣ್ಣು ನಿಲ್ಲಿಸಿ, ತಲೆ ಆಡಿಸಿದರು. ಆ ತಲೆ ಆಡಿಸಿದ ರೀತಿ ವಿಮಲಮ್ಮನಿಗೆ ಗೊತ್ತು. ಹರಾಜಿನಲ್ಲಿ ಬೇಲಿನೊಳಗೆ ಕೈ ಹಾಕಿ ಸೊಪ್ಪು ಎಳೆದು ನೋಡುವವರು ಹಾಗೆಯೇ ಆಡಿಸುತ್ತಾರೆ. ಆಮೇಲೆ ಏನು ಹೇಳಿದರೂ ಬೆಲೆ ಏರುವುದಿಲ್ಲ.

'ಯಜಮಾನ್ರೇ, ಕೈಗೆ ಒಂದು ಹಸಿರು ಔಷಧಿ ಚುಚ್ತೀವಿ. ಅದು ರಕ್ತದ ಜೊತೆ ಓಡುತ್ತೆ. ರಕ್ತ ಎಲ್ಲಿವರೆಗೂ ಹೋಗುತ್ತೋ ಅಲ್ಲಿವರೆಗೂ ಈ ಕ್ಯಾಮೆರಾದಲ್ಲಿ ಬೆಳ್ಳಗೆ ಕಾಣುತ್ತೆ. ಹೋಗದ ಕಡೆ ಕತ್ತಲು. ಅಷ್ಟೇ.'

'ಇದಕ್ಕೂ ಬಲೂನಿನಷ್ಟೇ ಆಯ್ತದಾ ಸಾ?' ಎಂದ ಜವರಯ್ಯ.

'ಇಲ್ಲ ಬಿಡಿ, ಇದು ಕಡಿಮೆ.'

ಕಿಟಕಿಯ ಪರದೆ ಎಳೆದು ದೀಪ ಆರಿಸಿದರು. ಹಗಲಿನಲ್ಲೇ ಕತ್ತಲು. ಹೊರಗೆ ಯಾರೋ ಕೆಮ್ಮಿದರು. ಟಿವಿಯಷ್ಟು ಅಗಲದ ಪರದೆಯಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ, ಒಣ ಬಟ್ಟೆಗೆ ನೀರು ಹತ್ತುವಂತೆ, ಕಣಕಾಲಿನ ಕಡೆಯಿಂದ ಒಂದು ಬಿಳುಪು ಮೆಲ್ಲಗೆ ಇಳಿಯತೊಡಗಿತು. ಪಾದದ ಮೇಲ್ಭಾಗ ಹೊಳೆಯಿತು. ಅಂಗಾಲು ಹೊಳೆಯಿತು. ಬಿಳುಪು ಬೆರಳುಗಳ ಬುಡಕ್ಕೆ ಬಂದು ನಿಂತಿತು. ಹೆಬ್ಬೆರಳಿಗೂ ಅದರ ಪಕ್ಕದ್ದಕ್ಕೂ ಏರಿತು, ಮಿಕ್ಕ ಮೂರು ಕತ್ತಲಾಗಿಯೇ ಉಳಿದವು. ಅಲ್ಲಿ ಅಂಚು ಹರಿದ ಬಟ್ಟೆಯ ಹಾಗಿತ್ತು, ಏರುಪೇರಾಗಿ. ಡಾಕ್ಟರು ಕ್ಯಾಮೆರಾವನ್ನು ಹಿಮ್ಮಡಿಯ ಕಡೆ ತಿರುಗಿಸಿದರು. ಸುತ್ತಲೂ ಬಿಳುಪು, ನಡುವೆ ಕಪ್ಪು. ಆ ಕಪ್ಪಿಗೆ ಒಂದು ಕಡೆ ನೇರ ಗೆರೆ ಇತ್ತು. ಗೆರೆ ಹೋಗಿ ಒಂದು ಮೂಲೆಯಲ್ಲಿ ತಿರುಗಿತ್ತು. ಬರಿಗಣ್ಣಿಗೆ ಚಕ್ಕಳ, ಕೀವು, ಎಣ್ಣೆಯ ಕಲೆ ಎಲ್ಲ ಸೇರಿ ಕಾಣದಿದ್ದದ್ದು ಇಲ್ಲಿ ಯಾರೋ ಅಳತೆಪಟ್ಟಿ ಹಿಡಿದು ಗೆರೆ ಎಳೆದಂತೆ ಕಾಣುತ್ತಿತ್ತು. ವಿಮಲಮ್ಮ ಗುರುತು ಹಿಡಿದಳು. ದಿನವೂ ಇಕ್ಕಳದಲ್ಲಿ ಎತ್ತಿ ಇಳಿಸಿದ ಅಂಚು ಅದು.

'ಇದೇನಿದು?' ಎಂದರು ಡಾಕ್ಟರು, ತಮಗೆ ತಾವೇ ಎಂಬಂತೆ. 'ರಕ್ತ ನಿಂತು ಸತ್ತಿದ್ರೆ ಹೀಗೆ ಗೆರೆ ಬರಲ್ಲ. ಯಜಮಾನ್ರೇ, ಹಿಮ್ಮಡಿಗೆ ಏನಾಗಿತ್ತು ಅಂದ್ರಿ?'

'ಚಪ್ಲಿ ಸಾ.'

'ಚಪ್ಪಲಿಗೆ ಮೂಲೆ ಇರುತ್ತಾ?'

ಕತ್ತಲಲ್ಲಿ ಜವರಯ್ಯನ ಮುಖ ಕಾಣುತ್ತಿರಲಿಲ್ಲ. ಪರದೆಯ ಬೆಳಕು ಮಗನ ಅಂಗಿಯ ಗುಂಡಿಗಳ ಮೇಲೆ ಬಿದ್ದಿತ್ತು. ಮಾವ ಈಗ ಇನ್ನೊಂದು ಸುಳ್ಳು ಹುಡುಕುತ್ತಾನೆ, ಹುಡುಕಿ ಸಲೀಸಾಗಿ ಹೇಳುತ್ತಾನೆ, ಡಾಕ್ಟರು ನಂಬುತ್ತಾರೆ, ಮಂಡಿಯ ಕೆಳಗೆ ಕತ್ತರಿಸುತ್ತಾರೆ, ನಾನು ಸುಮ್ಮನಿರುತ್ತೇನೆ. ಇಷ್ಟೂ ಅವಳಿಗೆ ಆಗಿಹೋದದ್ದರ ಹಾಗೆ ಕಂಡಿತು.

'ಇಟ್ಗೆ' ಎಂದಳು. ಒಂದು ಹೆಜ್ಜೆ ಮುಂದೆ ಬಂದು ಮತ್ತೆ ಹೇಳಿದಳು. 'ಇಟ್ಗೆ ಸ್ವಾಮಿ. ಬ್ಯಾರನ್ ಒಲೆ ಇಟ್ಗೆ. ಕಾಲು ತಣ್ಣಗದೆ ಅಂತ ನಾನೇ ಕಾಯ್ಸಿ ಇಟ್ಟಿದ್ದು.'

'ನೀ ಸುಮ್ಕಿರೆ' ಎಂದ ಜವರಯ್ಯ.

ದೀಪ ಹತ್ತಿತು. ಮೊದಲು ಮಾತಾಡಿದವನು ಶಶಿಕುಮಾರ್. 'ಅವ್ವ, ಆ ಚಪ್ಲಿ ಅಂಗ್ಡಿಯೋನ್ನ ನಾನು ಬೀದೀಲಿ ನಿಲ್ಸಿ ಉಗ್ದು ಬಂದ್ನಲ್ಲವ್ವ.' ಅಷ್ಟು ದೊಡ್ಡ ಗಂಡಸು, ಅಳುವ ಹಾಗೆ. ನರ್ಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ನಗೆಗೋ ಏನೋ. ವಿಮಲಮ್ಮ ನೆಲ ನೋಡುತ್ತ ನಿಂತಿದ್ದಳು. ಡಾಕ್ಟರು ಬೈಯುತ್ತಾರೆ ಎಂದು ಕಾಯುತ್ತಿದ್ದಳು, ಬೈದರೆ ಒಳ್ಳೆಯದಿತ್ತು. ಅವರು ಬೈಯಲಿಲ್ಲ. ಪೆನ್ನಿನಂಥ ಒಂದು ಸಾಧನ ತೆಗೆದು, ಅಂಟು ಹಚ್ಚಿ, ಹಿಮ್ಮಡಿಯ ಬದಿಯಲ್ಲಿ ಒತ್ತಿ ಹಿಡಿದರು. ಅದಕ್ಕೆ ಜೋಡಿಸಿದ ಡಬ್ಬಿಯೊಳಗಿಂದ ಗಾಳಿಗೆ ಗರಿ ಅಲುಗಿದಂಥ ಸದ್ದು ಬಂತು, ಬಂದು, ನಿಂತು, ಮತ್ತೆ ಬಂತು.

'ಕೇಳಿಸ್ತಾ ಅಮ್ಮ? ಇವರ ರಕ್ತ. ಬಲೂನು ಹಾಕಿದ ಮೇಲೆ ಇಲ್ಲಿವರೆಗೂ ಬರ್ತಾ ಇದೆ.' ಆಮೇಲೆ ಸ್ವಲ್ಪ ಹೊತ್ತು ಅವರೂ ಆ ಸದ್ದನ್ನೇ ಕೇಳುತ್ತ ನಿಂತರು. 'ಸುಟ್ಟದ್ದಾದ್ರೆ ಬೇರೆ ಮಾತು. ಮೇಲಿನದು ಬೆಂದಿದೆ, ಒಳಗೆ ಜೀವ ಇದೆ. ನಾನು ಇದನ್ನೂ ರೋಗವೇ ಅಂದ್ಕೊಂಡಿದ್ದೆ. ಸೋಮವಾರ ಮಂಡಿ ಕೆಳಗೆ ಅಂತ ಮನಸ್ಸಿನಲ್ಲಿ ತೀರ್ಮಾನ ಆಗಿಬಿಟ್ಟಿತ್ತು. ಇನ್ನು ಹಾಗೆ ಬೇಡ. ಬೆರಳು ಮೂರು ಹೋಗುತ್ತೆ. ಹಿಮ್ಮಡಿ ಕೆರೆದು ತೊಡೆಯ ಚರ್ಮ ಹಾಕೋಣ.'

ಆಗ ಅವರಿಗೆ ಏನೋ ಹೊಳೆದಂತೆ ಒಂದು ಸೂಜಿ ತೆಗೆದುಕೊಂಡು, ಜವರಯ್ಯನಿಗೆ ಕಣ್ಣು ಮುಚ್ಚಲು ಹೇಳಿ, ಅವನ ಇನ್ನೊಂದು ಪಾದಕ್ಕೆ, ಚೆನ್ನಾಗಿದ್ದ ಪಾದಕ್ಕೆ, ಅಲ್ಲಲ್ಲಿ ಚುಚ್ಚಿದರು. 'ಗೊತ್ತಾಗ್ತಿದ್ಯಾ?' ಅವನು ಕಣ್ಣು ತೆರೆದು ಹೆಂಡತಿಯ ಕಡೆ ನೋಡಿದ. 'ಈ ಸಲ ನಿಜ ಹೇಳಿ, ಯಜಮಾನ್ರೇ. ನಿಮ್ಮ ಥರ ಸಕ್ಕರೆ ಕಾಯಿಲೆ ಇರೋರಿಗೆ ಪಾದದ ಸ್ಪರ್ಶವೇ ಹೋಗಿರುತ್ತೆ. ಅದೂ ನನಗೆ ಗೊತ್ತಾಗಬೇಕು.'

'ಇಲ್ಲ.'

'ಯಾವಾಗಿನಿಂದ?'

'ಓದ್ ಸಲದ ಯುಗಾದಿಯಿಂದ್ಲೇ ಇರ್ಬೇಕು. ಎರಡೂ ಕಾಲು ಮರದಂಗೆ.'

ಯುಗಾದಿ. ಅದಾದ ಮೇಲೆ ಮುಂಗಾರು, ನಾಟಿ, ಕಳೆ, ಸೊಪ್ಪು ಮುರಿದದ್ದು. ಅದಾದ ಮೇಲೆ ಶ್ರಾವಣ. ಅವಳು ಲೆಕ್ಕ ಹಾಕುತ್ತ ಹಾಕುತ್ತ ಇಟ್ಟಿಗೆಯ ಹತ್ತಿರ ಬಂದು ನಿಂತಳು.

ಶಶಿಕುಮಾರ್ ಔಷಧಿ ತರಲು ಕೆಳಗೆ ಹೋದ. ಪಟ್ಟಿ ಕಟ್ಟಿದ ಕಾಲನ್ನು ಮುಂದಕ್ಕೆ ಚಾಚಿಕೊಂಡು ಜವರಯ್ಯ ಮಹಡಿಯ ಕಿಟಕಿಯ ಬಳಿ ಕೂತಿದ್ದ. ಕೆಳಗೆ ಬೈಪಾಸಿನಲ್ಲಿ ಬೇಲು ತುಂಬಿದ ಒಂದು ಟ್ರ್ಯಾಕ್ಟರು ಹರಾಜಿನ ಕಡೆಗೆ ಹೋಗುತ್ತಿತ್ತು. ಅವನು ಅದರ ಸೊಪ್ಪು ಹೇಗಿದೆ ಎಂದು ಇಲ್ಲಿಂದಲೇ ನೋಡುತ್ತಿದ್ದ, ಅಥವಾ ಹಾಗೆ ನಟಿಸುತ್ತಿದ್ದ.

'ಬಿಸಿ ಆಯ್ತಾ ಅಂತ ದಿನಾ ಕೇಳ್ತಿದ್ನಲ್ಲ ಮಾವ' ಎಂದಳು ವಿಮಲಮ್ಮ. 'ಗೊತ್ತಾಗ್ನಿಲ್ಲ ಅನ್ಬೇಕಾಗಿತ್ತು.'

'ಬುಡು ಈಗ. ಕಾಲು ಉಳೀತಲ್ಲ.'

'ಬುಡಾಕಿಲ್ಲ. ಯಾಕೆ ಅನ್ನಿಲ್ಲ?'

ಟ್ರ್ಯಾಕ್ಟರು ತಿರುವಿನಲ್ಲಿ ಮರೆಯಾಯಿತು. 'ಗೊತ್ತಾಯ್ತಿಲ್ಲ ಅಂದಿದ್ರೆ ನೀನು ಇಟ್ಗೆ ಎತ್ಕಂಡು ಎದ್ದು ಓಗ್ಬುಡ್ತಿದ್ದೆ ಕಣೆ' ಎಂದ.

ಬೇರೆ ಯಾವ ದಿನವಾದರೂ ಈ ಮಾತಿಗೆ ಅವಳು ಏನಾಗುತ್ತಿದ್ದಳೋ. ಇಷ್ಟು ವರ್ಷದಲ್ಲಿ ಅವನು ಆಡಿದ ಇಂಥ ಮಾತು ಇದೊಂದೇ ಇರಬೇಕು. ಆದರೆ ಅವಳ ಎದೆಯಲ್ಲಿ ಎದ್ದದ್ದು ಸಿಟ್ಟು. ಹೆಂಡತಿ ಪಕ್ಕದಲ್ಲಿ ಕೂರಲಿ ಎಂದು ಅವನು ಅವಳ ಕೈಯಿಂದಲೇ ತನ್ನ ಕಾಲನ್ನು ಸುಡಿಸಿಕೊಂಡಿದ್ದಾನೆ. ಸುಟ್ಟ ಮೇಲೆ ಅದನ್ನು ಚಪ್ಪಲಿಯ ಹೆಸರಲ್ಲಿ ಮುಚ್ಚಿ, ಅವಳನ್ನು ಕಾಪಾಡಿದವನಂತೆ ಮುಖ ತಿರುಗಿಸಿ ಕೂತಿದ್ದಾನೆ. ಅವಳು ತಿಂಗಳುಗಟ್ಟಲೆ ಆ ಬಟ್ಟೆಯ ಸುತ್ತನ್ನು ಬಿಚ್ಚುತ್ತ ಬಿಚ್ಚುತ್ತ ಬೆಂದಿದ್ದಾಳೆ. ಕೂತ್ಕ ಅಂದಿದ್ದರೆ ಕೂರುತ್ತಿರಲಿಲ್ಲವೇ? ಕೂರುತ್ತಿದ್ದಳೇ? ಒಳಗೆ ಮುದ್ದೆಗೆ ಎಸರು, ಕೊಟ್ಟಿಗೆಯಲ್ಲಿ ಹಸು, ಸೊಸೆ ರಮ್ಯ ಏನೆಂದುಕೊಂಡಾಳು ಎಂಬ ನಾಚಿಕೆ. ಕೂರುತ್ತಿರಲಿಲ್ಲ. ಅದೂ ನಿಜ. ನಿಜವಾಗಿದ್ದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

'ನನ್ ಕೈಯಲ್ಲಿ ಮಾಡಿಸ್ದೆ' ಎಂದಳು.

'ಹೂಂ' ಎಂದ ಜವರಯ್ಯ. ಎದುರಿನವರಿಗೆ ಹಗುರವಾಗುವಂಥ ಮಾತು ಅವನಿಗೆ ಈ ಸಲ ಸಿಗಲಿಲ್ಲ.

ಸೋಮವಾರ ಮೈಸೂರಿನಲ್ಲಿ ಮೂರು ಬೆರಳು ತೆಗೆದರು. ಹಿಮ್ಮಡಿಯ ಕಪ್ಪು ಕೆರೆದಾಗ ಕೆಳಗೆ ಕೆಂಪು ಕಂಡಿತಂತೆ. ಅಲ್ಲಿಗೆ ತೊಡೆಯ ಚರ್ಮ ಅಂಟಿಸಿದರು, ಹತ್ತಿಕೊಂಡಿತು. ಸಂಕ್ರಾಂತಿಯ ಹೊತ್ತಿಗೆ ಜವರಯ್ಯ ಕೋಲು ಹಿಡಿದು ಬ್ಯಾರನ್ನಿನವರೆಗೆ ನಡೆದು ಹೋಗಿ ಬಂದ. ಅವನ ಸ್ನಾನದ ನೀರನ್ನು ವಿಮಲಮ್ಮ ಈಗ ಕಾವಿನ ಮೀಟರು ಅದ್ದಿ ನೋಡುತ್ತಾಳೆ, ತನ್ನ ಕೈಯನ್ನಲ್ಲ. ಬಿಸಿ ಸಾಕಾ ಎಂದು ಅವನನ್ನು ಕೇಳುವುದಿಲ್ಲ. ಕಾಲು ಉಳಿಯಿತು, ಬೆರಳು ಮೂರು ಹೋದವು, ಅವನ ಮಾತಿನ ಮೇಲೂ ತನ್ನ ಕೈಯ ಮೇಲೂ ಅವಳಿಗಿದ್ದ ನಂಬಿಕೆ ಹೋಯಿತು.